ಕಾಣುವಷ್ಟು ಮಾತ್ರ

“ಇಲ್ಲ. ಬೇಕಾದ್ರೆ ನೀವೇ ಸ್ಕ್ರಾಲ್ ಮಾಡಿ ನೋಡಿ.”

ಕಣ್ಣಾಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆ ಮೌಸನ್ನು ಸಾಫ್ಟ್‌ವೇರಿನವನತ್ತ ತಳ್ಳಿದಳು. ಅವನು ಅದರ ಚಕ್ರ ತಿರುಗಿಸಿದ. ಹಸಿರು ಸಾಲುಗಳು ಮೇಲಕ್ಕೆ ಸರಿದವು. ಹಸಿರೆಂದರೆ ಆಪರೇಷನ್ನಿಗೆ ಕರೆದಾಗಿದೆ ಎಂದರ್ಥ. ಒಂದು ಸ್ಕ್ರೀನಿನಷ್ಟು ಜನ ಹೋದರು, ಇನ್ನೊಂದು ಸ್ಕ್ರೀನಿನಷ್ಟು ಜನ ಬಂದರು. ಹದಿನಾಲ್ಕು ಸಾವಿರದ ಮುನ್ನೂರ ಹದಿನೇಳನೇ ನಂಬರಿನವನು ಅವರಲ್ಲಿರಲಿಲ್ಲ.

ಆಕೆ ಸರ್ಚಿನಲ್ಲಿ ಅದೇ ನಂಬರು ಒತ್ತಿದಳು. ತಟ್ಟನೆ ಒಂದೇ ಒಂದು ಸಾಲು ಬಂತು. ವಯಸ್ಸು ಎಪ್ಪತ್ತೊಂದು, ಕಸುಬು ಗಡಿಯಾರ ರಿಪೇರಿ, ಎರಡೂ ಕಣ್ಣಿನಲ್ಲಿ ಒತ್ತಡ. ಸಾಲು ಬಿಳಿಯಾಗಿತ್ತು, ಅಂದರೆ ಇನ್ನೂ ಕರೆದಿಲ್ಲ. ನಂಬರು ಅಳಿಸಿ ಮತ್ತೆ ಪಟ್ಟಿಗೆ ಬಂದರೆ, ಇಲ್ಲ.

“ಕರೆದ್ರೆ ಬರ್ತಾರೆ. ಸುಮ್ನೆ ನೋಡ್ತಾ ಹೋದ್ರೆ ಇರಲ್ಲ.”

“ಜೋರಾಗಿ ತಿರುಗಿಸಿರ್ತೀರಿ, ಮೇಡಂ.”

“ಬೆಳಿಗ್ಗೆಯಿಂದ ಏಳು ಸಲ ಒಂದೊಂದೇ ಸಾಲು ಇಳಿಸಿದೀನಿ.”

ಅವನಿಗೆ ಸಿಟ್ಟು ಬಂತು. ಈ ಪಟ್ಟಿ ಅವನ ಕೈಕೆಲಸ. ಮೂರು ವರ್ಷದ ಹಿಂದೆ ಈ ಕಂಪ್ಯೂಟರು ಹನ್ನೊಂದು ಸಾವಿರ ಜನರನ್ನೂ ಒಟ್ಟಿಗೆ ಎತ್ತಿಕೊಂಡು ಬರಲು ಹೋಗಿ ಏದುಸಿರು ಬಿಡುತ್ತಿತ್ತು. ಗುಮಾಸ್ತೆ ಮುಖ ತೊಳೆದು, ಚಹಾ ಕುಡಿದು, ಪಕ್ಕದ ಕೋಣೆಯವರ ಸುದ್ದಿಯೆಲ್ಲ ಕೇಳಿ ಬಂದರೂ ಸ್ಕ್ರೀನು ಖಾಲಿ. ಅವನು ಒಂದು ವಾರ ಕೂತು ಅದನ್ನು ಬದಲಾಯಿಸಿದ್ದ. ಸ್ಕ್ರೀನಿನಲ್ಲಿ ಕಾಣುವುದು ಮೂವತ್ತು ಸಾಲು. ಅಷ್ಟಕ್ಕೆ ಊರೆಲ್ಲ ಏಕೆ ಬರಬೇಕು? ಒಟ್ಟು ಎಷ್ಟು ಜನ ಎಂದು ಮೊದಲು ಕೇಳಿಕೊಳ್ಳುವುದು. ಎಲ್ಲರೂ ಅಲ್ಲೇ ಇರುವಂತೆ ನಟಿಸುವುದು. ಚಕ್ರ ತಿರುಗಿದ ಹಾಗೆ ನೂರು ನೂರು ಜನರನ್ನು ಸರ್ವರಿನಿಂದ ತರುವುದು, ಹಿಂದೆ ಬಿದ್ದ ನೂರು ಜನರನ್ನು ನೆನಪಿನಿಂದ ತೆಗೆದುಬಿಡುವುದು. ತೀರ ಜೋರಾಗಿ ಎಳೆದರೆ ಮಾತ್ರ ಅರೆಕ್ಷಣ ಖಾಲಿ ಸಾಲುಗಳು ಕಾಣಿಸಿ, ಆಮೇಲೆ ಅವುಗಳಲ್ಲಿ ಹೆಸರು ತುಂಬಿಕೊಳ್ಳುತ್ತಿತ್ತು. ಆಡಳಿತಾಧಿಕಾರಿ ಅವನ ಬೆನ್ನು ತಟ್ಟಿದ್ದರು.

ತನ್ನ ಬಾಳನ್ನೂ ಅವನು ಸುಮಾರಾಗಿ ಹೀಗೇ ನಡೆಸಿಕೊಂಡು ಬಂದಿದ್ದ. ಎದುರಿಗಿದ್ದಾಗ ಹೆಂಡತಿ ಇದ್ದಳು. ಫೋನು ಬಂದಾಗ ಅಮ್ಮ ಇದ್ದಳು. ಈ ದಿನ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಹೆಂಡತಿ ಏನನ್ನೋ ಹೇಳಿ, ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡಿದ್ದಳು. ಅವನು ಹೂಂಗುಟ್ಟಬೇಕಾದಲ್ಲೆಲ್ಲ ಹೂಂಗುಟ್ಟಿದ್ದ. ಬಾಗಿಲು ದಾಟುವಷ್ಟರಲ್ಲಿ ಆ ಮಾತು ಯಾವುದರ ಬಗ್ಗೆ ಎಂಬುದೇ ಹೋಗಿತ್ತು. ಇದರಿಂದ ಯಾರಿಗೂ ತೊಂದರೆಯಾದಂತೆ ಅವನಿಗೆ ಕಂಡಿರಲಿಲ್ಲ.

“ಈಗ ಇವರಿಗೇನು ಅವಸರ?” ಎಂದು ಕೇಳಿದ.

ಗುಮಾಸ್ತೆ ಹೇಳಿದಳು. ಗಡಿಯಾರದಜ್ಜ ಎಂದೇ ಆಸ್ಪತ್ರೆಯಲ್ಲಿ ಅವನ ಹೆಸರು. ಹತ್ತೊಂಬತ್ತು ತಿಂಗಳಿನಿಂದ ಪ್ರತಿ ಮಂಗಳವಾರ ಬಂದು ತನ್ನ ಸರದಿ ಬಂತೇ ಎಂದು ಕೇಳುತ್ತಾನೆ. ಈಕೆ ನಂಬರು ಒತ್ತಿ ನೋಡಿ, ಹೆಸರು ಪಟ್ಟಿಯಲ್ಲಿದೆ ಅಜ್ಜ, ಕರೆಯುತ್ತೇವೆ ಎನ್ನುತ್ತಾಳೆ. ಅದು ಸುಳ್ಳಲ್ಲ. ಆದರೆ ಕರೆಯುವ ದಿನ ಯಾರೂ ನಂಬರು ಒತ್ತುವುದಿಲ್ಲ; ಪಟ್ಟಿಯನ್ನು ಇಳಿಸುತ್ತ ಹೋಗಿ, ಸಿಕ್ಕ ಬಿಳಿ ಸಾಲುಗಳಿಗೆ ಫೋನು ಮಾಡುತ್ತಾರೆ. ಅಜ್ಜನ ಬೀದಿಯವನೇ ಒಬ್ಬ, ಅವನಿಗಿಂತ ತಿಂಗಳು ತಡವಾಗಿ ಬರೆಸಿದವನು, ಆಪರೇಷನ್ ಮುಗಿಸಿಕೊಂಡು ಈಗ ಪೇಪರು ಓದುತ್ತಿದ್ದಾನೆ. ಅದನ್ನೂ ಅಜ್ಜ ಒಮ್ಮೆ ಸಂಕೋಚದಿಂದಲೇ ಹೇಳಿದ್ದನಂತೆ. ಅವರದು ಅರ್ಜೆಂಟಿದ್ದಿರಬೇಕು ಎಂದು ಈಕೆ ಸಮಾಧಾನ ಮಾಡಿ ಕಳಿಸಿದ್ದಳು. ಇವತ್ತು ಅವನು ಗೋಡೆ ಹಿಡಿದುಕೊಂಡು ಬಂದ. ನೋಡಲಾರದೆ ಈಕೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿ ಬಂದಿದ್ದಳು. ಒಳಗೆ ಪರೀಕ್ಷೆ ನಡೆಯುತ್ತಿತ್ತು.

“ಎಡಗಣ್ಣು ಒಂಚೂರು ಉಳಿದಿದ್ರೂ ಇವತ್ತೇ ಸೇರಿಸ್ಕೊಳ್ತಾರಂತೆ,” ಎಂದಳು.

ಅವನು ಲ್ಯಾಪ್‌ಟಾಪು ಬಿಚ್ಚಿದ. ತಪ್ಪು ಸಿಗಲು ಕಾಲು ಗಂಟೆಯೂ ಹಿಡಿಯಲಿಲ್ಲ. ಹೆಸರು ಬರೆಸಿದ ತಾರೀಕಿನ ಪ್ರಕಾರ ಜನರನ್ನು ಜೋಡಿಸು ಎಂದಷ್ಟೇ ಅವನು ಬರೆದಿದ್ದ. ಒಂದೇ ತಾರೀಕಿನವರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಹೇಳಿರಲಿಲ್ಲ. ಅಜ್ಜ ಬರೆಸಿದ್ದು ತಪಾಸಣಾ ಶಿಬಿರದ ದಿನ, ಅಂದು ಬರೆಸಿದವರು ಅರವತ್ತು ಜನ. ನೂರರ ಒಂದು ಕಂತು ಆ ಅರವತ್ತು ಜನರ ನಡುವೆಯೇ ಮುಗಿದು, ಇನ್ನೊಂದು ಶುರುವಾಗುತ್ತಿತ್ತು. ಮೊದಲ ಕಂತು ಕೇಳಿದಾಗ ಸರ್ವರು ಅವರನ್ನು ಒಂದು ಬಗೆಯಲ್ಲಿ ನಿಲ್ಲಿಸುತ್ತಿತ್ತು, ಮುಂದಿನದನ್ನು ಕೇಳಿದಾಗ ಇನ್ನೊಂದು ಬಗೆಯಲ್ಲಿ. ಹೀಗಾಗಿ ಒಬ್ಬ ಹೆಂಗಸು ಮೊದಲಿನ ಕಂತಿನ ಕೊನೆಗೂ ಬಂದಳು, ಮುಂದಿನ ಕಂತಿನ ಮೊದಲಿಗೂ ಬಂದಳು. ಅಜ್ಜ ಎರಡಕ್ಕೂ ಬರಲಿಲ್ಲ. ಒಟ್ಟು ಲೆಕ್ಕ ಮಾತ್ರ ಸರಿಯಾಗಿತ್ತು.

ಆ ಜಾಗಕ್ಕೆ ಹೋಗಿ ನೋಡಿದ. ಒಂದರ ಕೆಳಗೊಂದು ಅದೇ ಹೆಂಗಸು, ಅದೇ ವಯಸ್ಸು, ಅದೇ ಫೋನ್ ನಂಬರು. ಎರಡೂ ಸಾಲು ಹಸಿರು.

“ಈಯಮ್ಮ ಎರಡು ಸಲ ಇದಾರಲ್ಲ. ನಿಮಗೆ ಕಾಣ್ಲಿಲ್ವಾ?”

“ಕಾಣದೆ ಏನು. ಗೊತ್ತಾಗದೆ ಒಂದರ ಹಿಂದೊಂದು ಎರಡು ಸಲ ಫೋನ್ ಮಾಡಿದ್ದೆ. ಈಗ ತಾನೇ ಮಾಡಿದ್ರಲ್ಲಮ್ಮಾ ಅಂತ ನಕ್ಕರು.” ಆಕೆ ಸ್ವಲ್ಪ ತಡೆದಳು. “ಅವತ್ತೇ ನಿಮಗೆ ಹೇಳಿದ್ದೆ ಸಾರ್. ಸ್ಕ್ರೀನು ಒಮ್ಮೊಮ್ಮೆ ಹಾಗೆ ತೋರಿಸುತ್ತೆ, ತಲೆ ಕೆಡಿಸ್ಕೋಬೇಡಿ ಅಂದ್ರಿ.”

ಹಾಗೆ ಅಂದದ್ದು ಅವನಿಗೆ ನೆನಪಾಗಲಿಲ್ಲ. ಆದರೆ ಅದು ತನ್ನದೇ ಮಾತು ಎಂಬುದರಲ್ಲಿ ಅನುಮಾನವೂ ಉಳಿಯಲಿಲ್ಲ. ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡ.

ತಾರೀಕಿನ ಪಕ್ಕದಲ್ಲಿ ನಂಬರು ಎಂಬ ಒಂದು ಪದ ಸೇರಿಸಿದ. ಅಷ್ಟೇ ಬೇಕಾಗಿದ್ದದ್ದು. ಪಟ್ಟಿಯನ್ನು ಮುಚ್ಚಿ, ತೆರೆದು, ಮೇಲಿನಿಂದ ಮೆಲ್ಲಗೆ ಇಳಿಸತೊಡಗಿದ.

ಎಂಟನೆಯ ಕಂತಿನಲ್ಲೇ ಒಂದು ಬಿಳಿ ಸಾಲು ಬಂತು.

“ನಿಲ್ಲಿ,” ಎಂದಳು ಗುಮಾಸ್ತೆ. “ಯಾರದು?”

ಅಜ್ಜ ಇನ್ನೂ ಬಹಳ ಕೆಳಗಿದ್ದ. ಇದು ಯಾರೋ ಹೆಂಗಸು, ಐವತ್ತೆರಡು ವರ್ಷ, ಹೊಲಿಗೆ ಕೆಲಸ. ಇನ್ನೂ ಕೆಳಗೆ ಒಬ್ಬ ಲಾರಿ ಚಾಲಕ. ಆಮೇಲೆ ಬರೀ ಒಂಬತ್ತು ವರ್ಷದ್ದೊಂದು ಹೆಣ್ಣುಮಗು. ಮೂರು ವರ್ಷದಿಂದ ಒಂದೇ ಸಮನೆ ಹಸಿರಾಗಿದ್ದ ಪಟ್ಟಿಯಲ್ಲಿ, ಹುಲ್ಲಿನ ನಡುವೆ ಯಾರೋ ಬಿಳಿ ಬಟ್ಟೆ ಉಟ್ಟು ಕೂತ ಹಾಗೆ, ಅವರು ಅಲ್ಲಲ್ಲಿ ಕಾಣಿಸಿಕೊಂಡರು. ಅವರೇನೂ ಹೊಸದಾಗಿ ಬಂದವರಲ್ಲ. ಕಂತಿಗೂ ಕಂತಿಗೂ ನಡುವೆ ಅಲ್ಲೇ ಕೂತಿದ್ದರು. ಎಣಿಸಿದಾಗ ಅಜ್ಜನೂ ಸೇರಿ ಇಪ್ಪತ್ತಮೂರು ಜನ. ವರ್ಷದ ವರದಿಯಲ್ಲಿ ಅವರನ್ನೆಲ್ಲ, ಕರೆದರೂ ಬಾರದವರು ಎಂಬ ಗುಂಪಿಗೆ ಸೇರಿಸಲಾಗಿತ್ತು.

ಗುಮಾಸ್ತೆ ಫೋನು ಎಳೆದುಕೊಂಡಳು. ಹೊಲಿಗೆಯವಳ ನಂಬರು ಚಾಲ್ತಿಯಲ್ಲಿರಲಿಲ್ಲ. ಹೆಣ್ಣುಮಗುವಿನ ಮನೆಯಲ್ಲಿ ಯಾರೋ ಎತ್ತಿಕೊಂಡರು. ಆಸ್ಪತ್ರೆಯಿಂದ, ಸರದಿ ಬಂದಿದೆ ಎಂದು ಈಕೆ ಎರಡೆರಡು ಸಲ ಹೇಳಿದಳು. ಆ ಕಡೆಯವರು ಮಾತಾಡಲಿಲ್ಲ, ಫೋನು ಇಡಲೂ ಇಲ್ಲ. ಒಂದು ಕೋಣೆಯ ಸದ್ದು ಕೇಳುತ್ತಿತ್ತು. ಯಾರೋ ಪಾತ್ರೆ ಕೆಳಗಿಟ್ಟರು, ಕುರ್ಚಿ ಸರಿಯಿತು. ಕೊನೆಗೆ ಈಕೆಯೇ ಇಟ್ಟಳು.

ಅಷ್ಟರಲ್ಲಿ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರದೆ, ತಗ್ಗಿದ ದನಿಯಲ್ಲಿ ಗುಮಾಸ್ತೆಗೆ ಹೇಳಿದರು. ಅಜ್ಜನ ಬಲಗಣ್ಣು ಹೋಗಿ ವರ್ಷವಾಗಿದೆ. ಎಡಗಣ್ಣು ಈ ತಿಂಗಳಲ್ಲಿ ಹೋಗಿದೆ. ಈ ಕಾಯಿಲೆಯಲ್ಲಿ ಹೋದದ್ದು ಹೋದಂತೆಯೇ, ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲ. ಆರು ತಿಂಗಳ ಹಿಂದೆ ಕರೆದಿದ್ದರೆ ಒಂದನ್ನು ಉಳಿಸಬಹುದಿತ್ತು. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದೇನೆ, ನನಗೆ ಆಪರೇಷನ್ ಥಿಯೇಟರಿಗೆ ಹೊತ್ತಾಯಿತು, ಯಾರಾದರೂ ನಿಧಾನಕ್ಕೆ ಹೇಳಿ ಎಂದು ಹೊರಟುಹೋದರು.

ಗುಮಾಸ್ತೆ ಅವನನ್ನೇ ನೋಡುತ್ತಿದ್ದಳು.

“ನೀವು ಹೇಳಿ ಸಾರ್. ಇದೆ, ಇದೆ ಅಂತ ಇಷ್ಟು ದಿನ ನಾನು ಹೇಳಿದ್ದಾಯ್ತು. ಇನ್ನು ನನ್ನ ಕೈಲಾಗಲ್ಲ.”

“ನನ್ನ ಪರಿಚಯವೇ ಇಲ್ಲವಲ್ಲ ಅವರಿಗೆ.”

“ಮಾಡ್ಕೊಳ್ಳಿ,” ಎಂದಳು.

ಮಧ್ಯಾಹ್ನದ ಊಟದ ಹೊತ್ತು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿದ ಉದ್ದನೆಯ ಮರದ ಬೆಂಚಿನ ಒಂದು ತುದಿಯಲ್ಲಿ ಅಜ್ಜ ಕೂತಿದ್ದ. ಒಗೆದು ಇಸ್ತ್ರಿ ಮಾಡಿದ ಅಂಗಿ, ಒಂದು ಗುಂಡಿ ತಪ್ಪಿ ಪಕ್ಕದ ತೂತಿಗೆ ಹೋಗಿತ್ತು. ತೊಡೆಯ ಮೇಲೆ ಫೈಲು. ಅವನು ಹೋಗಿ ಬೆಂಚಿನ ನಡುಮಧ್ಯದಲ್ಲಿ, ಸದ್ದಾಗದಂತೆ ಕೂತ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ತಪ್ಪು ನನ್ನದು ಎಂಬುದು ಮೊದಲು ಬರಬೇಕೋ, ಕಣ್ಣು ಬರುವುದಿಲ್ಲ ಎಂಬುದು ಮೊದಲು ಬರಬೇಕೋ ತಿಳಿಯಲಿಲ್ಲ. ಅವನಿಗೆ ನಾಚಿಕೆಯಾಗಿತ್ತು. ನಾಚಿಕೆಗಿಂತ ಹೆದರಿಕೆ ಹೆಚ್ಚಾಗಿತ್ತು.

ಅಜ್ಜ ತಲೆ ತಿರುಗಿಸಿದ. ಕಣ್ಣುಗಳು ಶುಭ್ರವಾಗಿದ್ದವು, ನೋಡಿದವರು ಯಾವ ದೋಷವೂ ಇದೆ ಎನ್ನುತ್ತಿರಲಿಲ್ಲ. ಅವು ನೇರವಾಗಿ ಅವನ ಮುಖದ ಮೇಲೆ ಬಂದು ನಿಂತವು. ಅಜ್ಜನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಯಾರಾದ್ರೂ ಕೂತಿದೀರಾ ಅಲ್ಲಿ?”

ಅವನು ಚಾಚಿದ್ದ ಕಾಲನ್ನು ಮೆಲ್ಲಗೆ ಬೆಂಚಿನ ಕೆಳಕ್ಕೆ ಎಳೆದುಕೊಂಡ.

“ಗಂಟೆ ಎಷ್ಟಾಯ್ತು, ಸ್ವಲ್ಪ ಹೇಳ್ತೀರಾ? ಇವತ್ತು ನನ್ನನ್ನ ಕರೀತಾರೆ ಅಂತ ಕಾಣುತ್ತೆ. ಒಳಗಡೆ ಬಹಳ ಹೊತ್ತು ನೋಡಿದ್ರು.”

ಈಗ ಹೇಳಬಹುದಿತ್ತು. ಗಂಟೆ ಎಷ್ಟೆಂದಾದರೂ ಹೇಳಬಹುದಿತ್ತು. ಅವನು ಉಸಿರು ಬಿಗಿಹಿಡಿದು ಕೂತ. ಒಂದು ಕ್ಷಣ, ತಾನು ಹೀಗೇ ಇದ್ದುಬಿಟ್ಟರೆ ಇಲ್ಲಿ ನಿಜವಾಗಿಯೂ ಯಾರೂ ಇಲ್ಲ ಎಂದೇ ಅವನಿಗೆ ಅನ್ನಿಸಿತು. ಆ ಯೋಚನೆಯಿಂದ ಹಾಯೆನಿಸಿದ್ದೇ ಅವನನ್ನು ಹೆಚ್ಚು ಹೆದರಿಸಿತು.

ಅಜ್ಜ ಫೈಲನ್ನು ಪಕ್ಕಕ್ಕಿಟ್ಟ. ತೆಳ್ಳನೆಯ ಬೆರಳುಗಳನ್ನು ಬೆಂಚಿನ ಮೇಲೆ ಬಿಡಿಸಿ, ತಡವುತ್ತ ಈ ಕಡೆಗೆ ಕೈ ಸರಿಸಿದ. ಅವನು ಒಂದು ಗೇಣು ಹಿಂದೆ ಸರಿದ. ಕೈ ನಿಂತಿತು, ಮತ್ತೆ ಬಂತು. ಅವನು ಇನ್ನೊಂದು ಗೇಣು ಸರಿದ. ಅಜ್ಜನೂ ಕೂತಲ್ಲಿಂದಲೇ ಅಷ್ಟು ಜರುಗಿದ. ಇಬ್ಬರ ನಡುವಿನ ಮರ ಅಷ್ಟೇ ಉಳಿಯಿತು. ಹೀಗೆ ಎಷ್ಟು ಸಲವೋ, ಕೊನೆಗೆ ಬೆಂಚಿನ ತುದಿಯ ಕಬ್ಬಿಣ ಅವನ ಸೊಂಟಕ್ಕೆ ಒತ್ತಿತು. ಅದರಾಚೆ ಗೋಡೆ.

ಬೆಂಚಿನ ಹಲಗೆಗಳನ್ನು ಒಂದೊಂದಾಗಿ ಮುಟ್ಟುತ್ತ, ಯಾವುದನ್ನೂ ಬಿಡದೆ, ಕೈ ಬರುತ್ತಲೇ ಇತ್ತು.