ಚೀಟಿಯಿಲ್ಲದ ಪಾರ್ಸೆಲ್ಲುಗಳು

ಮೇಜಿನ ಕೆಳಗೆ ಮಂಡಿಯೂರಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಲೆಕ್ಕದ ಕಂಪ್ಯೂಟರ್ ನೋಡಿಕೊಳ್ಳುವ ಅವಳು ಕೇಬಲ್ಲಿನ ತುದಿಯನ್ನು ಅದಕ್ಕೆ ಸಿಕ್ಕಿಸಿದಳು. ಗೋದಾಮಿನ ತೂಕದ ಯಂತ್ರ ಇಷ್ಟು ದಿನ ಗುಂಡಿ ಒತ್ತಿ ಕೇಳಿದರೆ ಮಾತ್ರ ತೂಕ ಹೇಳುತ್ತಿತ್ತು. ಇನ್ನು ಮೇಲೆ ಯಾರೂ ಕೇಳದಿದ್ದರೂ ಅದು ಒದರುತ್ತಲೇ ಇರಬೇಕು, ಅಂಕಿಗಳೆಲ್ಲ ಮಹಡಿಯ ಮೇಲೆ ಮ್ಯಾನೇಜರರ ಪರದೆಯಲ್ಲಿ ಓಡುತ್ತಿರಬೇಕು. ಹಾಗೆಂದು ಅವರ ಅಪ್ಪಣೆ.

ಎದ್ದು ಧೂಳು ಕೊಡವಿಕೊಂಡು, ಸೆಟ್ಟಿಂಗಿನಲ್ಲಿ ‘ಕೇಳಿದಾಗ’ ಎಂದಿದ್ದುದನ್ನು ‘ನಿರಂತರ’ ಎಂದು ಬದಲಿಸಿದಳು. ಸೊನ್ನೆಗಳು ಇರುವೆಸಾಲಿನಂತೆ ಹರಿಯತೊಡಗಿದವು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ಊಟಕ್ಕೆ ಮುಂಚೆ ಆ ಯಂತ್ರವನ್ನು ಹತ್ತಿ ಇಳಿಯುವುದು ಗೋದಾಮಿನ ಹೆಂಗಸರ ಹಳೆಯ ರೂಢಿ. ಮನೆಯಲ್ಲಿ ತೂಕ ನೋಡಿಕೊಂಡರೆ ಗಂಡನ ಕಿಸಕ್ಕೆನ್ನುವ ನಗೆ, ಅತ್ತೆಯ “ನಮ್ಮ ಕಾಲದಲ್ಲಿ” ಪುರಾಣ. ಇಲ್ಲಿ ಪೆಟ್ಟಿಗೆಗಳ ಮರೆಯಲ್ಲಿ ಅದು ಅವರದೇ ಒಂದು ಗಳಿಗೆ. ಮ್ಯಾನೇಜರರ ಕಿವಿಗೆ ಬಿದ್ದರೆ ಅದೂ ಹೋಯಿತೆಂದೇ ಲೆಕ್ಕ. ಹೆಂಗಸರು ಕೂತು ಹರಟುತ್ತಿದ್ದ ಹಿಂಬಾಗಿಲ ಬೆಂಚನ್ನು ಅವರು ಎತ್ತಿಸಿದ್ದು ಯಾರಿಗೂ ಮರೆತಿರಲಿಲ್ಲ.

ಪ್ಯಾಕಿಂಗ್ ಅಕ್ಕ ಹತ್ತಿದಳು. “ಅಯ್ಯೋ, ಗಾಳಿ ಕುಡಿದರೂ ಮೈಗೆ ಹತ್ತುತ್ತಲ್ಲೇ!” ಎಂದು ಮೈಯೆಲ್ಲ ಕುಲುಕುವಂತೆ ನಕ್ಕಳು. ಲೇಬಲ್ ಅಂಟಿಸುವ ಸಣಕಲಿ, ಎಲ್ಲರ ಬಾಯಲ್ಲಿ ‘ಕಡ್ಡಿ’, ಹತ್ತಿದಳು. ಕೊನೆಗೆ ಹೊಟ್ಟೆ ಚುರುಗುಡುತ್ತಿದ್ದ ಇವಳೂ, ಈಗತಾನೇ ತನ್ನ ಕೈಯಾರೆ ಮಾಡಿದ್ದನ್ನು ಮರೆತು, ಹತ್ತಿ ಇಳಿದಳು.

ಫೋನು ಕೂಗಿತು. ಸ್ಪೀಕರಿನಲ್ಲಿ ಮ್ಯಾನೇಜರರು.

“ಶಭಾಷ್ ಕಣಮ್ಮಾ, ಓಡ್ತಿದೆ! ಆದರೆ ಮೂರು ಪಾರ್ಸೆಲ್ ಬಂದು ಹೋದ್ವಲ್ಲ, ಎಲ್ಲಿಗೆ?”

“ಊಟಕ್ಕೆ ಸಾರ್.” ನಾಲಿಗೆ ಜಾರಿಬಿಟ್ಟಿತ್ತು.

“ಊಟಕ್ಕಾ?”

“ಊಟಕ್ಕೆ ಹೋಗೋ ಮುಂಚೆ... ಪರೀಕ್ಷೆ ಮಾಡ್ತಿದ್ದೆ ಸಾರ್.”

“ಮೊದಲನೇದು ತುಂಬಾ ಅಲ್ಲಾಡ್ತಿತ್ತು. ಒಳಗೇನೋ ಸಡಿಲ ಇದೆ. ಹಗ್ಗ ಹಾಕಿ ಬಿಗಿಯಾಗಿ ಕಟ್ಟಿಸು.”

ಕಡ್ಡಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಕ್ಕನ ಕಣ್ಣು ಕೆಂಡವಾಯಿತು.

“ಚೀಟಿಯಿಲ್ಲದ ಮಾಲು ಹೀಗೆ ನುಸುಳೋದಾದರೆ ಯಂತ್ರ ನನ್ನ ರೂಮಲ್ಲೇ ಇರಲಿ. ಊಟ ಮುಗಿಸಿ ಬರ್ತೀನಿ,” ಎಂದು ಅವರು ಫೋನಿಟ್ಟರು.

“ಸಡಿಲ ಅಂತೆ! ಅವನ ತಲೆಯೊಳಗಿನ ತಿರುಪು ಸಡಿಲ,” ಎಂದಳು ಅಕ್ಕ. “ಕಿತ್ತು ಬಿಸಾಕೇ ಆ ಕೇಬಲ್ಲು.”

“ಸುಮ್ನಿರಕ್ಕಾ. ಕಿತ್ತರೆ ಯಂತ್ರ ಇವತ್ತೇ ಮೇಲೆ ಹೋಗುತ್ತೆ.”

ಡಬ್ಬಿ ಬಿಚ್ಚದೆ ಅವಳು ಮತ್ತೆ ಕೀಲಿಮಣೆಯ ಮುಂದೆ ಕೂತಳು. ಪೆಟ್ಟಿಗೆಯ ಚೀಟಿಯ ಸಂಖ್ಯೆ ಒತ್ತಿದ ಮೇಲೆ ಮಾತ್ರ ಅಂಕಿಗಳ ಹರಿವು ಶುರುವಾಗಬೇಕು, ಪೆಟ್ಟಿಗೆ ಇಳಿದೊಡನೆ ನಿಲ್ಲಬೇಕು. ಎರಡು ಸಲ ಕೈಕೊಟ್ಟಿತು. ಮೂರನೆಯದಕ್ಕೆ ಮಾತು ಕೇಳಿತು.

ಮ್ಯಾನೇಜರರು ಬಂದು ಚೀಟಿಯಿದ್ದ ಪೆಟ್ಟಿಗೆಯೊಂದನ್ನು ಇಡಿಸಿದರು. ಅಂಕಿಗಳು ಓಡಿದವು. ಅದನ್ನು ಇಳಿಸಿ ಯಂತ್ರವನ್ನು ಬರಿಗೈಯಿಂದ ಒತ್ತಿದರು, ಕಂಪ್ಯೂಟರು ತುಟಿಪಿಟಕ್ಕೆನ್ನಲಿಲ್ಲ.

“ಹಾಗಾದರೆ ಚೀಟಿ ಇಲ್ಲದೆ ಏನಿಟ್ಟರೂ ಮೇಲೆ ಕಾಣಲ್ಲ?”

“ಕಾಣಲ್ಲ ಸಾರ್.”

“ಸರಿ ಹಾಗಾದರೆ. ಇಲ್ಲೇ ಇರಲಿ.”

ಅವಳು ಉಸಿರು ಬಿಟ್ಟು, ಡಬ್ಬಿ ತೆಗೆದುಕೊಂಡು ಹೊರಟಳು. ಚಮಚ ಮರೆತದ್ದು ನೆನಪಾಗಿ ತಿರುಗಿ ಬಂದಾಗ ಪೆಟ್ಟಿಗೆಗಳ ಸಂದಿಯಲ್ಲಿ ಕಂಡದ್ದು: ಬೂಟು ಬಿಚ್ಚಿಟ್ಟು, ಜೇಬಿನ ಬೀಗದ ಗೊಂಚಲನ್ನೂ ಪಕ್ಕಕ್ಕಿಟ್ಟು, ಹೊಟ್ಟೆ ಎಳೆದುಕೊಂಡು ಯಂತ್ರದ ಮೇಲೆ ನಿಂತಿದ್ದ ಮ್ಯಾನೇಜರರು. ಅಂಕಿ ನೋಡಿ ಅವರ ಮುಖ ಪೆಚ್ಚಾಯಿತು. ಇಳಿದು, ಕಾಲುಚೀಲವನ್ನೂ ಕಳಚಿ, ಮತ್ತೆ ಹತ್ತಿದರು.

ಸದ್ದಾಗದಂತೆ ಅವಳು ಹಿಂದೆ ಸರಿದಳು. ಹೊರಗೆ ಅಕ್ಕ, “ಯಾಕೇ, ಒಬ್ಬೊಬ್ಬಳೇ ನಗ್ತಿದ್ದೀಯ?” ಎಂದಳು. ಹೇಳಿದರೆ ಒಂದು ವರ್ಷದ ಊಟಕ್ಕೆ ಬೇರೆ ವ್ಯಂಜನವೇ ಬೇಡ. ನಾಲಿಗೆಯ ತುದಿಗೆ ಬಂದದ್ದನ್ನು ತುತ್ತಿನ ಜೊತೆ ನುಂಗಿ, ಇದು ತನ್ನಲ್ಲೇ ಇರಲಿ ಎಂದುಕೊಂಡಳು.

“ಏನಿಲ್ಲಕ್ಕಾ,” ಎಂದಳು. “ಹಸಿವು.”