ಹದಿನಾಲ್ಕು ವರ್ಷದ ಚೌಕ

ಆ ದಿನ ಹುಲ್ಲು ಕತ್ತರಿಸಿ ಕತ್ತರಿಸಿ ನನ್ನ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಆದರೂ ಅಷ್ಟು ಖುಷಿಯಾಗಿ ಹಿಂದೆಂದೂ ಇದ್ದ ನೆನಪಿಲ್ಲ.

ಅದು ಹತ್ತು ದಿನದ ತರಬೇತಿ. ಆಗಷ್ಟೇ ಪಿಎಚ್‌ಡಿ ಮುಗಿಸಿ, ಮುಂದೇನು ಎಂದು ಕಣ್ಣು ಕಣ್ಣು ಬಿಡುತ್ತಿದ್ದ ಹನ್ನೆರಡು ಮಂದಿ ಸಸ್ಯವಿಜ್ಞಾನಿಗಳು ಸೇರಿದ್ದೆವು. ನಮ್ಮಲ್ಲಿ ಒಬ್ಬರನ್ನು ಎರಡು ವರ್ಷದ ಸಂಶೋಧಕರಾಗಿ ಇಲ್ಲೇ ಉಳಿಸಿಕೊಳ್ಳುತ್ತೇನೆ ಎಂದು ತರಬೇತಿ ನಡೆಸುತ್ತಿದ್ದ ಮೇಡಂ ಮೊದಲ ದಿನವೇ ಹೇಳಿಬಿಟ್ಟಿದ್ದರು. ಆ ಒಬ್ಬಳು ನಾನೇ ಆಗಬೇಕಿತ್ತು. ಇಲ್ಲದಿದ್ದರೆ ಮುಂದಿನ ತಿಂಗಳಿಂದ ಭಾವನ ಟೈರ್ ಅಂಗಡಿಯಲ್ಲಿ ಫೋನ್ ಎತ್ತುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. "ಹುಲ್ಲಿನ ಡಾಕ್ಟರು ಟೈರಿಗೂ ಔಷಧಿ ಕೊಡ್ಲಿ" ಎಂದು ಭಾವ ನಕ್ಕಿದ್ದ. ಅಕ್ಕನೂ ನಕ್ಕಿದ್ದಳು. ನನಗೆ ಮೈ ಉರಿದದ್ದು ಅದಕ್ಕೇ.

ಆರನೆಯ ದಿನ ಹುಲ್ಲುಗಾವಲಿನ ಕೆಲಸ. ಒಂದೇ ಸಾಲಿನಲ್ಲಿ ಇಪ್ಪತ್ತು ಚೌಕಗಳು, ಒಂದೊಂದೂ ಒಂದು ಮೀಟರ್ ಉದ್ದ, ಅಷ್ಟೇ ಅಗಲ. ನಮಗೆ ಕೊಟ್ಟ ಚೌಕದೊಳಗಿನದನ್ನೆಲ್ಲ ನೆಲಮಟ್ಟಕ್ಕೆ ಕತ್ತರಿಸಿ, ಜಾತಿ ಜಾತಿ ಬೇರೆ ಮಾಡಿ, ಕಾಗದದ ಚೀಲಕ್ಕೆ ತುಂಬಿ, ಓವನ್ನಿನಲ್ಲಿ ಒಣಗಿಸಿ ತೂಗಬೇಕು. ನಮ್ಮದು ಮೂರನೆಯದು. ಗೇಟಿನ ಕಡೆಯಿಂದ ಎಣಿಸಿ ಎಂದು ಮೇಡಂ ಎರಡೆರಡು ಸಲ ಹೇಳಿದ್ದರು. ನಾನು ಮತ್ತು ನನ್ನ ಜೊತೆಗಾರ ಪಾಚಿ (ಪಾಚಿಯ ಮೇಲೆ ಪಿಎಚ್‌ಡಿ ಮಾಡಿದವನನ್ನು ಇನ್ನೇನೆಂದು ಕರೆಯುವುದು?) ಎಲ್ಲರಿಗಿಂತ ಮೊದಲು ಮುಟ್ಟುವ ಆತುರಕ್ಕೆ ಹಿಂದಿನ ಬೇಲಿ ಹಾರಿ ಓಡಿದೆವು. ಬೇಲಿ ಕಡೆಯಿಂದಲೇ ಎಣಿಸಿದೆವು. ಇಬ್ಬರಿಗೂ ಡಾಕ್ಟರೇಟ್ ಇದೆ ಎಂಬುದನ್ನು ನಾಚಿಕೆ ಬಿಟ್ಟು ಇಲ್ಲಿ ಹೇಳುತ್ತಿದ್ದೇನೆ.

ಬೇರೆ ಚೌಕಗಳಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿರಲಿಲ್ಲ. ನಮ್ಮದರಲ್ಲಿ ಸೊಂಟದವರೆಗೆ!

"ಲಾಟ್ರಿ ಹೊಡೀತು ಕಣೇ!" ಎಂದ ಪಾಚಿ.

ನಾಲ್ಕು ಗಂಟೆ ಮೊಣಕಾಲೂರಿ ಕತ್ತರಿಸಿದೆವು. ಇಪ್ಪತ್ಮೂರು ಜಾತಿ! ಪ್ರತಿ ಹೊಸ ಜಾತಿಗೂ ನಾನು ಕಿರುಚುತ್ತಿದ್ದೆ, ಅವನು ಶಿಳ್ಳೆ ಹೊಡೆಯುತ್ತಿದ್ದ. ತಳದಲ್ಲಿ ವರ್ಷಗಳಿಂದ ಬಿದ್ದಿದ್ದ ಒಣ ತರಗನ್ನೂ ಬಿಡದೆ ಬೇರೆ ಚೀಲಕ್ಕೆ ತುಂಬಿದೆ. ನೆಲ ಬೋಳುತಲೆಯ ಹಾಗೆ ಹೊಳೆಯತೊಡಗಿದಾಗ ಲ್ಯಾಬಿನ ಸಹಾಯಕರು ನೀರಿನ ಕ್ಯಾನು ಹಿಡಿದು ಬಂದರು. ಬಂದವರೇ ಕ್ಯಾನು ಕೈಬಿಟ್ಟರು.

"ಅಯ್ಯಯ್ಯೋ, ಏನ್ ಮಾಡಿದ್ರಿ? ಹದಿನಾಲ್ಕು ವರ್ಷದಿಂದ ಮೇಡಂ ಇದನ್ನ ಮುಟ್ಟೋಕೇ ಬಿಟ್ಟಿಲ್ಲ ಯಾರಿಗೂ!"

ಅವರು ತಲೆ ಚಚ್ಚಿಕೊಳ್ಳುತ್ತಾ ಹೋದರು. ಪಾಚಿ ಸುತ್ತ ನೋಡಿ ಪಿಸುಗುಟ್ಟಿದ: "ಹಸು ಮೇಯ್ತು ಅಂದ್ಬಿಡೋಣ."

"ಜಾತಿವಾರು ಚೀಲಕ್ಕೆ ತುಂಬಿಟ್ಟು ಮೇಯ್ತಾ?"

ನಗು ಬಂತು. ಬರಬಾರದಿತ್ತು, ಆದರೆ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಆ ಬೋಳು ನೆಲದ ಪಕ್ಕ ಉರುಳಾಡಿದೆವು. ನಕ್ಕು ಮುಗಿದ ಮೇಲೆ ನನಗೆ ಅಳು ಬಂತು, ಏಕೆಂದರೆ ಕೆಲಸ ಕೈತಪ್ಪಿತೆಂದು ಖಾತ್ರಿಯಾಗಿತ್ತು.

ಚೀಲಗಳನ್ನು ಹೊತ್ತು ಓವನ್ ಕೋಣೆಗೆ ಹೋದೆ. ಮೇಡಂ ತಕ್ಕಡಿ ಒರೆಸುತ್ತಿದ್ದರು.

"ಮೇಡಂ, ಉಲ್ಟಾ ಎಣಿಸಿ ನಿಮ್ಮ ಚೌಕ ಕತ್ತರಿಸಿಬಿಟ್ಟೆ. ಬೇಲಿ ಹಾರೋಣ ಅಂದವಳೂ ನಾನೇ."

ಮೇಡಂ ಸ್ಟೂಲಿನ ಮೇಲೆ ಕುಸಿದರು. ಮುಖ ಬಿಳಿಚಿತು. ಚೀಲಗಳನ್ನು ಒಂದೊಂದಾಗಿ ನೋಡಿ ಒಂದೇ ಮಾತು ಕೇಳಿದರು: "ತರಗು?"

"ಬೇರೆ ಚೀಲದಲ್ಲಿದೆ."

"ಓವನ್ನಿಗೆ ಹಾಕು" ಎಂದು ಹೊರಗೆ ಹೋದರು. ಎರಡು ದಿನ ನನ್ನ ಹತ್ತಿರ ಮಾತೇ ಇಲ್ಲ. ನಾನು ಅನ್ನ ನೀರು ಬಿಟ್ಟವಳ ಹಾಗೆ ಓಡಾಡಿಕೊಂಡಿದ್ದೆ.

ಎಂಟನೆಯ ದಿನ ಬೆಳಗ್ಗೆ ಕರೆಸಿದರು. ಕೈಯಲ್ಲಿ ಹಳೆಯ ನೋಟ್‌ಪುಸ್ತಕವೊಂದಿತ್ತು. ಒಂದೊಂದೇ ಚೀಲ ತೂಗಿದೆವು. ನಾನು ಅಂಕಿ ಕೂಗಿದೆ, ಅವರು ಬರೆದರು. ಎಲ್ಲ ಕೂಡಿದರೆ ಆರುನೂರ ನಲವತ್ತೊಂದು ಗ್ರಾಂ.

"ಛೀ!" ಎಂದು ಮೇಡಂ ಮೇಜು ಗುದ್ದಿದರು. "ಹದಿನಾಲ್ಕು ವರ್ಷ ಕತ್ತರಿಸದೇ ಬಿಟ್ರೆ ಒಂಬೈನೂರು ಆಗುತ್ತೆ ಅಂತ ಊಹೆ ಮಾಡಿದ್ದೆ!" ಅಷ್ಟಂದು ನಕ್ಕರು ನೋಡಿ, ಕನ್ನಡಕ ಜಾರಿ ತಕ್ಕಡಿಯ ಮೇಲೆ ಬಿತ್ತು. ಅದು ಇಪ್ಪತ್ತಾರು ಗ್ರಾಂ ತೋರಿಸಿತು. ಅದಕ್ಕೂ ನಕ್ಕೆವು.

"ಪ್ರತಿ ವರ್ಷ ಕತ್ತರಿ ಹಿಡ್ಕೊಂಡು ಹೋಗ್ತಿದ್ದೆ ಕಣೇ" ಎಂದರು ಕಣ್ಣೊರೆಸಿಕೊಂಡು. "ಕೂತು, ನೋಡಿ, ಎದ್ದು ಬರ್ತಿದ್ದೆ. ಕತ್ತರಿಸಿದ್ರೆ ಮುಗೀತಲ್ಲ, ಆಮೇಲೆ ಏನು ಅಂತ ಭಯ. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಇದು ಮತ್ತೆ ತುಂಬೋಕೆ ಹದಿನಾಲ್ಕು ಬೇಕು. ಉಳಿದ ಹನ್ನೊಂದು ಯಾರು ಕಾಯ್ತಾರೆ?"

"ಕೆಲಸ ಎರಡು ವರ್ಷದ್ದು ಅಂದ್ರಲ್ಲ ಮೇಡಂ?"

"ಅದು ಕಾಗದದಲ್ಲಿ. ಕತ್ತರಿಸಿದವಳು ನೀನು, ಕಾಯೋಳೂ ನೀನೇ. ಆಗುತ್ತೋ ಇಲ್ವೋ?"

ಆಗುತ್ತೆ ಎಂದೆ. ಮೇಡಂ ಪುಸ್ತಕದ ಹೊಸ ಪುಟ ತೆರೆದು, ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು, ತಾವು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ನಾನು ಅಳುತ್ತಲೂ ನಗುತ್ತಲೂ ಮೊದಲ ಸಾಲು ಬರೆದೆ: ಹುಲ್ಲಿನ ಎತ್ತರ, ಸೊನ್ನೆ.