ಹತ್ತು ಲಕ್ಷ ಮನೆ

ಆಗಿನ್ನೂ ಟೀವಿ ಅಂಗೈಗೆ ಬಂದಿರಲಿಲ್ಲ, ಗೋಡೆಗೊರಗಿ ಕೂತಿರುತ್ತಿತ್ತು. ಬಾಕ್ಸಿಂಗಿನ ದೊಡ್ಡ ಪಂದ್ಯಗಳು ಅದರಲ್ಲಿ ಪುಕ್ಕಟೆ ಬರುತ್ತಿರಲಿಲ್ಲ. ನೋಡಬೇಕೆನ್ನುವ ಮನೆಯವರು ಆ ಒಂದು ಪಂದ್ಯಕ್ಕೆಂದೇ ದುಡ್ಡು ಕಟ್ಟಬೇಕಿತ್ತು. ಎಷ್ಟು ಮನೆಯವರು ಕಟ್ಟಿದರು ಅನ್ನುವುದರ ಮೇಲೆ ಪಂದ್ಯದ ತೂಕ. ಇಸ್ತ್ರಿಯವನ ಮಗ ಬಿದ್ದ ಪಂದ್ಯವನ್ನು ಹತ್ತು ಲಕ್ಷ ಮನೆಯವರು ದುಡ್ಡು ಕೊಟ್ಟು ನೋಡಿದರು ಅಂತ ಅದನ್ನು ಏರ್ಪಡಿಸಿದ ಸಾಹುಕಾರ ಮಾರನೆಯ ದಿನವೇ ಪೇಪರಿನವರ ಮುಂದೆ ಹೇಳಿಬಿಟ್ಟ.

ಬಿದ್ದದ್ದಾದರೂ ಹೇಗೆ! ಮೊದಲನೇ ಸುತ್ತೇ ಮುಗಿದಿರಲಿಲ್ಲ. ಚಾಂಪಿಯನ್ನನ ಒಂದು ಏಟು ದವಡೆಗೆ ಬಂದು ಕೂತಿತು. ಹುಡುಗ ಕೈ ಊರುವುದನ್ನೂ ಮರೆತು ಮಕಾಡೆ ಬಿದ್ದ. ದವಡೆಯೇನೋ ಕಾಲಕ್ರಮದಲ್ಲಿ ಕೂಡಿಕೊಂಡಿತು. ಕೂಡದೆ ಉಳಿದದ್ದು ಬೇರೆ.

ಮನೆಯ ಮುಂದಿನ ಕೋಣೆ ಬೀದಿಗೆ ತೆರೆದುಕೊಂಡಿತ್ತು. ಅಪ್ಪನ ಇಸ್ತ್ರಿ ಮೇಜು ಅಲ್ಲಿ. ಹಿಂದಿನ ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆ. ಆಸ್ಪತ್ರೆಯಿಂದ ಬಂದ ಮಗ ಆ ಪರದೆಯ ಹಿಂದೆ ಹೋದವನು ಮತ್ತೆ ಈಚೆಗೆ ಬರಲಿಲ್ಲ. ಕೈಕಟ್ಟಿ ಕೂತವನಲ್ಲ ಪಾಪ. ಒಳಗೇ ಇನ್ನೊಂದು ಮೇಜು ಹಾಕಿಕೊಂಡು ಹಾಸು, ಹೊದಿಕೆ, ಕಿಟಕಿ ಪರದೆ ಅಂತ ಅಗಲ ಬಟ್ಟೆಗಳನ್ನೆಲ್ಲ ತಿಕ್ಕುತ್ತಿದ್ದ. ಮುಂದೆ ಗಿರಾಕಿಯ ದನಿ ಕೇಳಿದರೆ ಸಾಕು, ಒಳಗಿನ ಇಸ್ತ್ರಿಪೆಟ್ಟಿಗೆ ಉಸಿರು ಹಿಡಿದಂತೆ ನಿಂತುಬಿಡುತ್ತಿತ್ತು. ಗಿರಾಕಿ ಹೊಸಿಲು ಇಳಿದ ಮೇಲೆ ಮತ್ತೆ ಶುರು. ಕೂದಲು ಕುತ್ತಿಗೆ ದಾಟಿ ಹೆಗಲಿಗೆ ಬಂತು.

"ಕ್ಷೌರಕ್ಕಾದ್ರೂ ಹೋಗಿ ಬಾರೋ," ಅಂತ ತಾಯಿ ಗೋಗರೆದಳು. "ನಿನ್ನನ್ನ ಯಾರು ತಿಂದ್ಹಾಕ್ತಾರೆ?"

"ಹತ್ತು ಲಕ್ಷ ಮನೆ ಅಮ್ಮ," ಅಂದ ಮಗ. "ಯಾವ ಬೀದೀಲಿ ಹೋಗ್ಲಿ, ನೀನೇ ಹೇಳು."

ಅಪ್ಪನಿಗೆ ಲಕ್ಷದ ಅಳತೆ ತಿಳಿಯದು. ಅವನಿಗೆ ತಿಳಿದದ್ದು ಬಟ್ಟೆಗಂಟು ತರುವ ಮನೆಗಳು. ಮನೆ ಅಂದರೆ ಒಂದು ಬಾಗಿಲು, ಚಪ್ಪಲಿ ಬಿಡುವ ಜಾಗ, ಒಳಗಿನಿಂದ ಇಣುಕುವ ನಾಲ್ಕು ಕಣ್ಣು. ಅಂಥದ್ದು ಹತ್ತು ಲಕ್ಷ ಅಂತ ನೆನೆಸಿಕೊಂಡರೆ ಅವನಿಗೂ ಹುಡುಗ ಅಡಗಿದ್ದರಲ್ಲಿ ತಪ್ಪೇನು ಅನಿಸುತ್ತಿತ್ತು.

ಹೀಗಿರುವಾಗ ಒಂದು ದಿನ ಕ್ಷೌರದಂಗಡಿಯವನು ಅವನನ್ನು ಕೂಗಿ ಕರೆದ. ಕೈಯಲ್ಲಿ ಪೇಪರಿತ್ತು.

"ಅಣ್ಣ, ನಿನ್ನ ಮಗನ ಪಂದ್ಯದ ಸುದ್ದಿ ಮತ್ತೆ ಬಂದಿದೆ, ಕೇಳಿಲ್ಲಿ. ಆ ಹತ್ತು ಲಕ್ಷ ಇದೆಯಲ್ಲ, ಅದು ಬರೀ ಸಾಹುಕಾರನ ಬಾಯಿಲೆಕ್ಕ ಅಂತೆ. ಮನೆಮನೆಗೆ ಪಂದ್ಯ ತೋರಿಸಿದ ಕಂಪನಿಯವರು ಇವತ್ತಿನವರೆಗೂ ತುಟಿ ಬಿಚ್ಚಿಲ್ಲ. ಅದರಲ್ಲಿ ಹತ್ತನೇ ಒಂದು ಪಾಲೂ ಇರಲಾರದು ಅಂತ ಬರೆದಿದ್ದಾರೆ."

"ಇಲ್ಲದ್ದನ್ನ ಯಾಕಪ್ಪ ಹೇಳ್ತಾರೆ?"

"ಮುಂದಿನ ಪಂದ್ಯ ಮಾರ್ಬೇಕಲ್ಲ! ಅಂಗಡಿ ಮುಂದೆ ಜನ ಇದ್ರೆ ತಾನೇ ಇನ್ನೂ ನಾಲ್ಕು ಜನ ಬರೋದು? ನಾನೂ ದಿನಾ ಬಾಗಿಲು ತೆಗೆದ ತಕ್ಷಣ ನನ್ನ ಭಾವಮೈದುನನ್ನ ಈ ಕುರ್ಚೀಲಿ ಕೂರಿಸ್ತೀನಿ. ಅವನ ತಲೇಲಿ ಕೂದಲೇ ಇಲ್ಲ."

ಇಸ್ತ್ರಿಯವನು ನಗಲಿಲ್ಲ. ಆದರೆ ಅವನ ಹೆಜ್ಜೆ ಹಗುರಾಯಿತು. ಮಗನ ಪಂದ್ಯ ಖರ್ಚಾಗಲಿಲ್ಲ ಅಂತ ಹಿಗ್ಗಿದ ಅಪ್ಪ ಈ ಲೋಕದಲ್ಲಿ ಅವನೊಬ್ಬನೇ ಇರಬೇಕು.

ಆದರೂ ಪೇಪರನ್ನು ನಂಬಿ ಕೆಟ್ಟವನು ಅವನು. ಹತ್ತು ಲಕ್ಷ ಅಂತ ಬರೆದದ್ದೂ ಅದೇ ಪೇಪರು ತಾನೆ? ಅದಕ್ಕೇ ಬಟ್ಟೆ ಕೊಡಲು ಹೋದ ಮನೆಯಲ್ಲೆಲ್ಲ ಗಂಟು ಇಳಿಸಿ, ಬೆವರು ಒರೆಸಿಕೊಂಡು, ಮೆಲ್ಲಗೆ ಕೇಳತೊಡಗಿದ: "ಅವತ್ತು ನಮ್ಮ ಹುಡುಗನ ಪಂದ್ಯ ನೋಡಿದ್ರಾ?"

ತಾವು ನೋಡಲಿಲ್ಲವೆಂದು ಅವನು ಮುನಿಸಿಕೊಂಡಿದ್ದಾನೆ ಅಂತ ಜನ ಅಂದುಕೊಂಡರು. "ಅಯ್ಯೋ, ನೋಡ್ಬೇಕು ಅಂತಾನೇ ಇದ್ವಿ, ಅವತ್ತೇ ಮಗೂಗೆ ಜ್ವರ ಬಂತು," ಅಂದಳು ಒಬ್ಬ ತಾಯಿ. ಮೇಷ್ಟ್ರು ಕನ್ನಡಕ ಏರಿಸಿ, "ನಾನು ಹಾಯಾಗಿ ನಿದ್ದೆ ಮಾಡೋಕೇ ದುಡ್ಡು ಕೊಡೋನಲ್ಲ, ನಿದ್ದೆ ಕೆಡಿಸ್ಕೊಳ್ಳೋಕೆ ಕೊಡ್ತೀನಾ?" ಅಂದರು. ಎಲ್ಲರೂ ತಪ್ಪು ಒಪ್ಪಿಕೊಳ್ಳುವಂತೆ ಹೇಳಿದರು. ಒಂದೊಂದು ನೆಪವನ್ನೂ ಅವನು ಬೆಲ್ಲದ ಚೂರಿನಂತೆ ಬಾಯಿಗಿಟ್ಟುಕೊಂಡ.

ಒಂದೇ ಒಂದು ಮನೆಯಲ್ಲಿ ದುಡ್ಡು ಕಟ್ಟಿದ್ದರು. ಒಬ್ಬಳೇ ಇದ್ದ ಅಜ್ಜಿ ಗುಂಡಿ ತಪ್ಪಿ ಒತ್ತಿದ್ದಳು. "ಅಡುಗೆ ಕಲಿಸೋ ಹೆಂಗಸು ಬರ್ತಾಳೆ ಅಂತ ಕಾದೆ ಕಾದೆ. ಯಾರೋ ಇಬ್ಬರು ಚಡ್ಡಿ ಹಾಕ್ಕೊಂಡು ಬಂದು ನಿಂತ್ರು. ನಂಗೆ ನಿದ್ದೆ ಬಂತಪ್ಪ."

ಕೊನೆಗೆ ಕೇಬಲ್ಲಿನವನು ತನ್ನ ಶರಟು ಒಯ್ಯಲು ಬಂದ. ಆ ಪೇಟೆಗೆಲ್ಲ ತಂತಿ ಎಳೆದವನು ಅವನೇ. ಅಪ್ಪ ಮಗನಿಗೆ ಕೇಳಿಸಬಾರದೆಂದು ಬೀದಿಗಿಳಿದು ಕೇಳಿದ.

"ನಮ್ಮ ಪೇಟೇಲಿ ಕಟ್ಟಿದ ಮನೆ ಬೆರಳಲ್ಲಿ ಎಣಿಸ್ಬಹುದು ತಾತ. ಬೇರೆ ಕಡೆ ನಮ್ಮೋರೂ ಹಾಗೇ ಅಂತಾರೆ. ಹತ್ತು ಲಕ್ಷ ಅಂತೆ! ನಾಲಿಗೇಗೆ ಬಾಡಿಗೆ ಕಟ್ಬೇಕಾ, ಮೂಳೆ ಇದೆಯಾ?"

ಅಪ್ಪ ಅವನಿಂದ ಇಸ್ತ್ರಿಯ ದುಡ್ಡು ಕೇಳುವುದನ್ನೇ ಮರೆತ.

ಪರದೆ ಸರಿಸಿ ಒಳಗೆ ಹೋದ. ಮಗ ಒಂದು ಹಾಸನ್ನು ಹರಡಿ ನೀರು ಚಿಮುಕಿಸುತ್ತಿದ್ದ.

"ಲೋ, ಎಲ್ಲಾ ಸುಳ್ಳು ಕಣೋ! ಹತ್ತು ಲಕ್ಷವೂ ಇಲ್ಲ, ಅದರಜ್ಜನೂ ಇಲ್ಲ. ಯಾರೂ ನೋಡಿಲ್ಲ."

ಮಗನ ಕೈ ನಿಂತಿತು. "ಯಾರು ಹೇಳಿದ್ದು?"

ಅಪ್ಪ ಗಂಟು ಬಿಚ್ಚಿದಂತೆ ಎಲ್ಲವನ್ನೂ ಬಿಚ್ಚಿದ. ಪೇಪರು, ಕೇಬಲ್ಲಿನವನು, ಮಗುವಿನ ಜ್ವರ. ಅಜ್ಜಿಯ ವಿಷಯಕ್ಕೆ ಬಂದಾಗ ನಗು ತಡೆಯಲಾಗದೆ ಮೇಜು ಹಿಡಿದುಕೊಂಡ. ಎಷ್ಟೋ ದಿನದ ಮೇಲೆ ನಕ್ಕಿದ್ದು.

"ಮೇಷ್ಟ್ರು?" ಅಂತ ಕೇಳಿದ ಮಗ.

"ಅವ್ರಾ? ಗೊರಕೆ ಹೊಡೀತಿದ್ರಂತೆ!"

"ಬೇಕರಿಯವರು? ಅವರು ನೋಡೇ ನೋಡ್ತೀವಿ ಅಂದಿದ್ರು."

"ಅವರೂ ಇಲ್ಲ."

"ನನ್ನ ಜೊತೆ ಓದಿದೋನು, ಮೂಲೆಮನೆಯವನು?"

"ಇಲ್ಲ ಕಣೋ, ಅವನು ಊರಲ್ಲೇ ಇರ್ಲಿಲ್ವಂತೆ..." ಅನ್ನುವಾಗ ಅಪ್ಪನ ನಗು ಎಲ್ಲೋ ಕಾಲುಜಾರಿತು. ಮಗನ ಮುಖ ನೋಡಿದ. ಆಸ್ಪತ್ರೆಯಲ್ಲಿ ದವಡೆಗೆ ಪಟ್ಟಿ ಕಟ್ಟಿದ್ದಾಗಲೂ ಆ ಮುಖ ಹಾಗಿರಲಿಲ್ಲ.

"ಬಿದ್ದೆ ಅಪ್ಪ. ಬಿದ್ದದ್ದು ನಿಜ," ಅಂದ ಮಗ. "ಆದ್ರೆ ಅಷ್ಟು ಜನರ ಮುಂದೆ ಬಿದ್ದೆ ಅಂದ್ಕೊಂಡಿದ್ದೆ."

ಆಡಿದ ಮಾತು, ಒಡೆದ ಮುತ್ತು. ಎರಡನ್ನೂ ಹೆಕ್ಕಿ ಜೋಡಿಸುವವರಿಲ್ಲ. ಆದರೂ ಅಪ್ಪ ಹೆಕ್ಕಲು ನೋಡಿದ. "ಕೇಬಲ್ಲಿನವನ ಮಾತು ಏನು ಬಿಡು. ನಮ್ಮ ಪೇಟೆ ಒಂದೇ ಲೋಕಾನಾ? ದೂರದ ಊರುಗಳಲ್ಲಿ ನೋಡಿರ್ತಾರೆ. ಅಲ್ಲಿ ದೊಡ್ಡ ದೊಡ್ಡ ಮನೆಗಳು. ಹತ್ತಲ್ಲದಿದ್ರೆ ಎಂಟು. ಸಾಹುಕಾರ ಅಷ್ಟು ದೊಡ್ಡ ಮನುಷ್ಯ, ಸುಮ್ಮನೆ ಹೇಳ್ತಾನಾ?"

"ನೀನು ನೋಡಿದ್ಯಾ ಅಪ್ಪ?"

ನೋಡಿರಲಿಲ್ಲ. ಟೀವಿಯಲ್ಲಿ ಪಂದ್ಯ ಶುರುವಾಗುವ ಗಂಟೆ ಬಾರಿಸಿದ ಕೂಡಲೇ ಎದ್ದು ಬೀದಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಮಗನಿಗೆ ಬೀಳುವ ಏಟನ್ನು ಯಾವ ಕಣ್ಣಿಂದ ನೋಡುವುದು? ಅದನ್ನು ಹೇಳಲು ಮಾತು ಹುಡುಕುವಷ್ಟರಲ್ಲಿ ಮಗನಿಗೆ ಉತ್ತರ ತಿಳಿದುಹೋಗಿತ್ತು.

"ಹಾಗಾದ್ರೆ ಇಷ್ಟು ದಿನ ಯಾರಿಗೆ ಹೆದರಿ ಬಚ್ಚಿಟ್ಕೊಂಡಿದ್ದೆ ನಾನು?" ಅಂತ ತನ್ನನ್ನೇ ಕೇಳಿಕೊಂಡಂತೆ ಅಂದು, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಹಾಸನ್ನು ಮಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟುಬಿಟ್ಟ.

ಬಾಗಿಲಲ್ಲಿದ್ದ ತಾಯಿ ಕಂಬ ಹಿಡಿದುಕೊಂಡಳು. "ರೀ, ಹೊರಗೆ ಹೋದ ನೋಡ್ರೀ! ಏನು ಮಂತ್ರ ಹಾಕಿದ್ರಿ? ಹಿಂದೆ ಹೋಗಿ, ಯಾರಾದ್ರೂ ಆಡ್ಕೊಂಡ್ರೆ ಮತ್ತೆ ಒಳಗೆ ಸೇರ್ಕೊಂಡುಬಿಡ್ತಾನೆ."

ಅಪ್ಪ ದೂರದಿಂದಲೇ ಹಿಂಬಾಲಿಸಿದ. ಮಗ ತಲೆ ಎತ್ತಿಕೊಂಡು ಬೀದಿಯ ನಟ್ಟನಡುವೆ ನಡೆಯುತ್ತಿದ್ದ, ಯಾರಾದರೂ ಗುರುತು ಹಿಡಿಯಲಿ ಅನ್ನುವಂತೆ. ಎದುರು ಬಂದವರು ಪಕ್ಕಕ್ಕೆ ಸರಿದು ಹೋದರು. ಬೇಕರಿಯವನು ಯಾರಿಗೋ ಚಿಲ್ಲರೆ ಕೊಡುತ್ತಿದ್ದ, ಕತ್ತೆತ್ತಲಿಲ್ಲ. ಮೂಲೆಯಲ್ಲಿ ಒಬ್ಬ ಮನೆ ಖಾಲಿ ಮಾಡುತ್ತಿದ್ದವನು ಬೀರುವಿನ ಜೊತೆ ಒದ್ದಾಡುತ್ತಿದ್ದ. "ಸ್ವಲ್ಪ ಕೈ ಕೊಡಪ್ಪ," ಅಂದ. ಮಗ ಬಗ್ಗಿ ಒಂದೇ ಎತ್ತಿಗೆ ಅದನ್ನು ಗಾಡಿಗೆ ಏರಿಸಿದ.

"ಅಬ್ಬಾ, ಏನು ತೋಳಯ್ಯ ನಿಂದು! ಏನು ಕೆಲಸ ಮಾಡ್ತೀಯ?"

ಮಗ ಕೈಯ ಧೂಳು ಕೊಡವಿಕೊಂಡು, "ಇಸ್ತ್ರಿ," ಅಂದ.

ಅಪ್ಪ ಅಲ್ಲಿಂದಲೇ ಹಿಂದಿರುಗಿದ. ತಾಯಿ ಇನ್ನೂ ಬಾಗಿಲಲ್ಲೇ ಇದ್ದಳು.

"ಯಾರಾದ್ರೂ ಏನಾದ್ರೂ ಅಂದ್ರಾ ಅವನಿಗೆ?"

"ಇಲ್ಲ ಕಣೆ," ಅಂದ ಅವನು. "ಯಾರೂ ಏನೂ ಅನ್ನಲಿಲ್ಲ."

"ಸದ್ಯ, ದೇವರು ದೊಡ್ಡವನು," ಅಂತ ಅವಳು ಕೈಮುಗಿದು, ಮಗನ ಸ್ನಾನಕ್ಕೆ ನೀರು ಕಾಯಿಸಲು ಒಳಗೆ ಹೋದಳು.